ನಿನ್ನೆಯ ಇಳಿತ: ಒಂದು ಅಸಿಂಕ್ ಕ್ಯಾಶ್ ರಿಪೇರಿಯ ಐದು ತಿಂಗಳು

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ. ಜಗುಲಿಯ ಗೋಡೆಗೆ ಒಂದು ಹಳೇ ಟ್ಯಾಬ್ಲೆಟ್ ತೂಗುಹಾಕಿದ್ದೇನೆ. ಅದರಲ್ಲಿ ಮುಖ್ಯವಾಗಿ ಮೂರು ವಿಷಯ ಕಾಣುತ್ತದೆ. ಇವತ್ತಿನ ಭರತ (ಸಮುದ್ರದ ಉಬ್ಬರ), ಇಳಿತ ಎಷ್ಟು ಹೊತ್ತಿಗೆ, ಗಾಳಿ ಎಷ್ಟು ಜೋರು, ಅಲೆ ಎಷ್ಟು ಎತ್ತರ. ಅಕ್ಷರ ದೊಡ್ಡದು. ಅಂಗಳದಲ್ಲಿ ನಿಂತೇ ಓದಬಹುದು.

ಇದನ್ನು ಮಾಡಿದ್ದು ಇಬ್ಬರಿಗಾಗಿ. ಒಬ್ಬರು ಪಕ್ಕದ ಮನೆಯ ಚಿಕ್ಕಿ. ನೀರು ಇಳಿದಾಗ ಹೊಯ್ಗೆ ದಿಬ್ಬಕ್ಕೆ ಹೋಗಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಾರೆ. ಇನ್ನೊಬ್ಬ ಅವರ ಮಗ, ನನಗೆ ತಮ್ಮ. ತದಡಿ ಬಂದರಿನ ಬೋಟಿನಲ್ಲಿ ಕೆಲಸ. ಅವನು ಲಿಂಕನ್ನು ಬೋಟಿನವರ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಅದು ಎಷ್ಟೋ ಜನರ ಕೈಗೆ ಹೋಯಿತು. ಆಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಸರ್ವರ್ ಅಂದರೆ ಅಟ್ಟದ ಮೇಲಿರುವ ಒಂದು ರಾಸ್ಪ್‌ಬೆರಿ ಪೈ 4 ಬೋರ್ಡ್, ಪುಟ್ಟ ಕಂಪ್ಯೂಟರ್. ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿದೆ. ಅಂಕಿಗಳನ್ನು ಇಂಟರ್ನೆಟ್ಟಿನ ಒಂದು ಸೇವೆಯಿಂದ ತರುತ್ತೇನೆ. ಪುಕ್ಕಟೆ ಖಾತೆ, ದಿನಕ್ಕೆ 500 ಸಲ ಕೇಳಬಹುದು. ಪ್ರತಿ ಸಲ ಉತ್ತರ ಬರಲು ಮೂರು ನಾಲ್ಕು ಸೆಕೆಂಡ್ ಬೇಕು. ಪೇಜ್ ಒಂದು ಸಲ ತೆರೆದರೆ ಮೂರು ಸಲ ಕೇಳಿದಂತೆ. ಲೆಕ್ಕ ಹಾಕಿ ನೋಡಿ, 170 ಜನ ನೋಡುವಷ್ಟರಲ್ಲಿ ದಿನದ ಪಾಲು ಮುಗಿಯುತ್ತದೆ. ಹಾಗಾಗಿ ಒಮ್ಮೆ ತಂದದ್ದನ್ನು ಇಟ್ಟುಕೊಂಡು ಎಲ್ಲರಿಗೂ ಹಂಚಬೇಕು. ಅದೇ ಕ್ಯಾಶ್.

ಜೂನ್

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆ ಜೋರು, ಬಲೆ ರಿಪೇರಿ ಮಾಡುವ ಕಾಲ. ನನಗೂ ಪುರುಸೊತ್ತು ಸಿಕ್ಕಿತು.

ಪೈಥಾನಿನಲ್ಲಿ ಫಂಕ್ಷನ್ನಿನ ಫಲಿತಾಂಶ ನೆನಪಿಟ್ಟುಕೊಳ್ಳಲು ಎಲ್‌ಆರ್‌ಯು ಕ್ಯಾಶ್ ಅಂತ ಸಿದ್ಧ ಸಾಮಾನು ಇದೆ. ಫಂಕ್ಷನ್ನಿನ ತಲೆ ಮೇಲೆ ಒಂದು ಸಾಲು ಬರೆದರೆ ಮುಗಿಯಿತು. ಗಾಳಿ ತರುವ ಫಂಕ್ಷನ್ ಅಸಿಂಕ್, ಅಂದರೆ ಉತ್ತರಕ್ಕೆ ಕಾಯುವಾಗ (ಅದೇ ಅವೈಟ್) ಬೇರೆ ಕೆಲಸಕ್ಕೆ ದಾರಿ ಬಿಡುವಂಥದ್ದು. ಅದರ ಮೇಲೆ ಅದನ್ನೇ ಬರೆದೆ. ಪೇಜ್ ತೆರೆದೆ, ಬಂತು. ಇನ್ನೊಮ್ಮೆ ತೆರೆದೆ, ಎರರ್. ಒಮ್ಮೆ ಅವೈಟ್ ಮಾಡಿ ಮುಗಿದ ಕೊರೂಟೀನನ್ನು ಮತ್ತೆ ಬಳಸಲು ಬರುವುದಿಲ್ಲ ಅಂತ ಪೈಥಾನ್ ಹೇಳುತ್ತಿತ್ತು.

ಕಾರಣ ಸರಳ, ಆದರೆ ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು. ಅಸಿಂಕ್ ಫಂಕ್ಷನ್ನನ್ನು ಕರೆದರೆ ಉತ್ತರ ಬರುವುದಿಲ್ಲ. ಕೊರೂಟೀನ್ ಅನ್ನುವ ವಸ್ತು ಬರುತ್ತದೆ. ಅದನ್ನು ಅವೈಟ್ ಮಾಡಿದಾಗ ಮಾತ್ರ ಕೆಲಸ ನಡೆದು ಉತ್ತರ ಸಿಗುತ್ತದೆ. ಎಲ್‌ಆರ್‌ಯು ಕ್ಯಾಶ್ ನೆನಪಿಟ್ಟುಕೊಂಡದ್ದು ಉತ್ತರವನ್ನಲ್ಲ, ಆ ಕೊರೂಟೀನನ್ನು. ಎರಡನೇ ಸಲ ಕೇಳಿದವರಿಗೆ ಮುಗಿದುಹೋದ ಅದೇ ಕೊರೂಟೀನನ್ನು ಕೊಟ್ಟಿತು. ಎಲ್‌ಆರ್‌ಯು ಕ್ಯಾಶ್ ಬಂದದ್ದು ಪೈಥಾನ್ 3.2ರಲ್ಲಿ, 2011ರಲ್ಲಿ. ಅಸಿಂಕ್, ಅವೈಟ್ ಅನ್ನುವ ಪದಗಳು ಭಾಷೆಗೆ ಸೇರಿದ್ದು 3.5ರಲ್ಲಿ, 2015ರಲ್ಲಿ. ಮೊದಲು ಹುಟ್ಟಿದ್ದಕ್ಕೆ ಆಮೇಲೆ ಹುಟ್ಟಿದ್ದರ ಗುಣ ಗೊತ್ತಿಲ್ಲ.

ನಾನು ಅದಕ್ಕೂ ಮೊದಲು ವರ್ಷಗಟ್ಟಲೆ ಜಾವಾಸ್ಕ್ರಿಪ್ಟ್ ಬರೆದವನು. ಅಲ್ಲಿ ಅಸಿಂಕ್ ಫಂಕ್ಷನ್ ಕೊಡುವುದು ಪ್ರಾಮಿಸ್. ಅದನ್ನು ಎಷ್ಟು ಜನ ಬೇಕಾದರೂ ಅವೈಟ್ ಮಾಡಬಹುದು, ಎಲ್ಲರಿಗೂ ಅದೇ ಉತ್ತರ. ಕರೆದ ಕೂಡಲೇ ಕೆಲಸ ಶುರುವೂ ಆಗಿರುತ್ತದೆ. ಪೈಥಾನಿನ ಕೊರೂಟೀನ್ ಹಾಗಲ್ಲ, ಅದು ಬೆಂಕಿಕಡ್ಡಿ ಇದ್ದಂತೆ. ಒಮ್ಮೆ ಗೀರಿದರೆ ಮುಗಿಯಿತು. ಜಾವಾಸ್ಕ್ರಿಪ್ಟಿನ ಪ್ರಾಮಿಸ್ಸಿಗೆ ಸಮನಾದದ್ದು ಪೈಥಾನಿನಲ್ಲಿ ಟಾಸ್ಕ್, ಅಂದರೆ ಶುರು ಮಾಡಿಬಿಟ್ಟ ಕೆಲಸ. ಅದು ದೀಪ. ಹಚ್ಚಿಟ್ಟರೆ ಹತ್ತು ಜನ ಆ ಬೆಳಕಲ್ಲಿ ಓದಬಹುದು.

ಇಷ್ಟು ಗೊತ್ತಾದ ಮೇಲೂ ಆ ದಿನ ನಾನು ಟಾಸ್ಕಿಗೆ ಹೋಗಲಿಲ್ಲ. ಸುಲಭದ ದಾರಿ ಹಿಡಿದೆ. ಒಂದು ಡಿಕ್ಷನರಿ ಇಟ್ಟೆ, ಅಂದರೆ ಹೆಸರು (ಕೀ) ಹೇಳಿದರೆ ಅದರಡಿ ಇಟ್ಟದ್ದನ್ನು ಕೊಡುವ ಪಟ್ಟಿ. ಅದರಲ್ಲಿ ಉತ್ತರ ಇದ್ದರೆ ಕೊಡು, ಇಲ್ಲದಿದ್ದರೆ ಅವೈಟ್ ಮಾಡಿ ತಂದು, ಅದರಲ್ಲಿಟ್ಟು, ಕೊಡು. 30 ನಿಮಿಷ ಕಳೆದರೆ ಎಸೆದು ಹೊಸದು ತಾ. ಜುಲೈ ಪೂರ್ತಿ ಚೆನ್ನಾಗಿಯೇ ನಡೆಯಿತು. ನೋಡುವವರು ಕಡಿಮೆ ಇದ್ದರಲ್ಲ.

ಆಗಸ್ಟ್ 1

ನಿಷೇಧ ಮುಗಿದ ಮೊದಲ ಬೆಳಗು. ತದಡಿಯಲ್ಲಿ ಬೋಟುಗಳಿಗೆ ಪೂಜೆ ಆಗಿ, ಐಸು ತುಂಬಿ, ಎಲ್ಲರೂ ಹೊರಡುವ ತರಾತುರಿಯಲ್ಲಿದ್ದರು. ಹೊರಡುವ ಮೊದಲು ಗಾಳಿ ಎಷ್ಟಿದೆ ಅಂತ ಎಲ್ಲರೂ ಒಟ್ಟಿಗೇ ಫೋನ್ ತೆಗೆದರು. ಆರು ಗಂಟೆಗೆ ತಮ್ಮ ಕರೆ ಮಾಡಿದ. "ಅಣ್ಣ, ಎಂತದೂ ಬರೂದಿಲ್ಲ, ಬರೀ ಬಿಳಿ ಪೇಜು."

ಸರ್ವರ್ ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದೆ. 4:50:02ಕ್ಕೆ ಗಾಳಿಗಾಗಿ ಒಂದು ಕರೆ ಹೊರಗೆ ಹೋಗಿದೆ. 4:50:02ಕ್ಕೇ ಇನ್ನೊಂದು. 4:50:03ಕ್ಕೆ ಏಳು. ನಾಲ್ಕು ಸೆಕೆಂಡಿನೊಳಗೆ 41 ಕರೆ, ಎಲ್ಲವೂ ಅದೇ ಒಂದು ಗಾಳಿಗೆ. ಭರತಕ್ಕೂ ಅಷ್ಟೇ, ಅಲೆಗೂ ಅಷ್ಟೇ. ಅರ್ಧ ಗಂಟೆ ಕಳೆದು ಕ್ಯಾಶ್ ಹಳತಾದಾಗ ಮತ್ತೆ ಅದೇ ಕಥೆ. ಬೆಳಕು ಹರಿಯುವ ಮೊದಲೇ 500 ಕರೆ ಮುಗಿದಿತ್ತು.

ಮದುವೆ ಮನೆಯಲ್ಲಿ ಹೀಗೇ ಆಗುತ್ತದೆ ಅಲ್ವಾ? ಸಕ್ಕರೆ ಡಬ್ಬ ಖಾಲಿ ಅಂತ ಒಬ್ಬರು ಹುಡುಗನನ್ನು ಅಂಗಡಿಗೆ ಕಳಿಸುತ್ತಾರೆ. ಅವನು ಬರುವ ಮೊದಲು ಇನ್ನೊಬ್ಬರು ಡಬ್ಬ ನೋಡುತ್ತಾರೆ, ಅವರೂ ಕಳಿಸುತ್ತಾರೆ. ಕೊನೆಗೆ ಐದು ಜನ ಐದು ಚೀಲ ಸಕ್ಕರೆ ತರುತ್ತಾರೆ. ಯಾರದ್ದೂ ತಪ್ಪಿಲ್ಲ. ಒಬ್ಬ ಆಗಲೇ ಹೋಗಿದ್ದಾನೆ ಅನ್ನುವುದನ್ನು ಡಬ್ಬ ಹೇಳುವುದಿಲ್ಲ, ಅಷ್ಟೇ.

ನನ್ನ ಡಿಕ್ಷನರಿಯೂ ಆ ಡಬ್ಬವೇ. ಅಸಿಂಕ್ ಕೆಲಸಗಳನ್ನು ಸರದಿಯಲ್ಲಿ ನಡೆಸುವ ಇವೆಂಟ್ ಲೂಪ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ ನಿಜ. ಆದರೆ ಅವೈಟ್ ಬಂದ ಜಾಗದಲ್ಲಿ ಆ ಕೆಲಸವನ್ನು ಬದಿಗಿಟ್ಟು ಮುಂದಿನವರನ್ನು ಕರೆಯುತ್ತದೆ. ಮೊದಲನೆಯವರು ಡಿಕ್ಷನರಿ ಖಾಲಿ ನೋಡಿ ಅವೈಟಿನಲ್ಲಿ ನಿಂತರು. ನಾಲ್ಕು ಸೆಕೆಂಡಿನ ಆ ಸಂದಿಯಲ್ಲಿ ಬಂದವರೆಲ್ಲ ಖಾಲಿಯನ್ನೇ ನೋಡಿದರು.

ಹಾಗಾದರೆ ಇಡಬೇಕಾದದ್ದು ಉತ್ತರವನ್ನಲ್ಲ, ನಡೆಯುತ್ತಿರುವ ಕೆಲಸವನ್ನೇ. ಹೊಸ ಕ್ಯಾಶ್‌ನ ತಿರುಳು ಮೂರು ಸಾಲು:

ಡಿಕ್ಷನರಿಯಲ್ಲಿ ಅವಧಿ ಮುಗಿಯದ ಟಾಸ್ಕ್ ಇದ್ದರೆ ಅದನ್ನೇ ತಗೋ.
ಇಲ್ಲದಿದ್ದರೆ ಹೊಸ ಟಾಸ್ಕ್ ಶುರು ಮಾಡಿ, ತಕ್ಷಣ ಡಿಕ್ಷನರಿಗೆ ಹಾಕು.
ಇದೆರಡೂ ಆದ ಮೇಲೆ ಮಾತ್ರ ಅವೈಟ್ ಮಾಡು.

ಮುಖ್ಯ ಇರುವುದು ಸಾಲುಗಳ ಕ್ರಮದಲ್ಲಿ. ನೋಡುವುದಕ್ಕೂ ಹಾಕುವುದಕ್ಕೂ ನಡುವೆ ಒಂದೂ ಅವೈಟ್ ಇಲ್ಲ. ಹಾಗಾಗಿ ನಡುವೆ ಯಾರೂ ನುಸುಳಲು ಆಗುವುದಿಲ್ಲ. ಒಂದೇ ಇವೆಂಟ್ ಲೂಪ್ ಇರುವ ತನಕ ಬೀಗದ ಅಗತ್ಯವೂ ಇಲ್ಲ. ಇನ್ನೊಂದು ಲಾಭವೂ ಆಯಿತು. ಇವೆಂಟ್ ಲೂಪ್ ಟಾಸ್ಕುಗಳನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಬೇರೆ ಯಾರೂ ಹಿಡಿಯದ ಟಾಸ್ಕ್ ಅರ್ಧಕ್ಕೇ ಕಸದ ಪಾಲಾಗಬಹುದು. ಡಿಕ್ಷನರಿಯಲ್ಲಿ ಇದ್ದರೆ ಆ ಭಯ ಇಲ್ಲ.

ಅಟ್ಟದ ಮೇಲೆ ಕೂತು ಪರೀಕ್ಷೆ ಮಾಡಿದೆ. ನಾಲ್ಕು ಸೆಕೆಂಡ್ ಸುಮ್ಮನೆ ನಿದ್ದೆ ಮಾಡಿ ಉತ್ತರ ಕೊಡುವ ಸುಳ್ಳು ಸೇವೆ ಒಂದನ್ನು ಬರೆದು, ಒಟ್ಟಿಗೆ 50 ಜನ ಕೇಳಿದಂತೆ ಮಾಡಿದೆ. ಹೊರಗೆ ಹೋದ ಕರೆ ಒಂದು. 50 ಜನರಿಗೂ ಉತ್ತರ ಬಂತು. ಆ ಒಂದು ಅಂಕಿ ನೋಡಿ ನಿಜವಾಗಿ ಖುಷಿಯಾಯಿತು.

ಸರಿಯಾಗಿ ಅರ್ಧ ಗಂಟೆ

ಎರಡು ವಾರ ಕಳೆದಿರಬಹುದು. ಒಂದು ಬೆಳಗ್ಗೆ 5:12ಕ್ಕೆ ಗಾಳಿಯ ಭಾಗ ಸತ್ತಿತು. 5:42ಕ್ಕೆ ತಾನಾಗೇ ಎದ್ದಿತು. ನಾನು ಏನೂ ಮುಟ್ಟಿರಲಿಲ್ಲ. ನನ್ನ ಕ್ಯಾಶ್‌ನ ಅವಧಿಯೂ 30 ನಿಮಿಷ. ಸೇವೆ ಕೆಟ್ಟಿದ್ದರೆ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂರುತ್ತಿರಲಿಲ್ಲ. ಸತ್ತದ್ದೇನೋ ಡಿಕ್ಷನರಿಯಲ್ಲಿ ಕೂತಿದೆ ಅಂತ ಆಗಲೇ ಅನಿಸಿತು.

ಆದರೆ ಸೋತ ಟಾಸ್ಕನ್ನು ತೆಗೆದುಹಾಕುವ ವ್ಯವಸ್ಥೆ ನಾನು ಮಾಡಿದ್ದೆ. ಟಾಸ್ಕ್ ಮುಗಿದಾಗ ಓಡುವ ಒಂದು ಕಾಲ್‌ಬ್ಯಾಕ್. ಎಕ್ಸೆಪ್ಷನ್, ಅಂದರೆ ಎರರ್, ಇದೆಯಾ ಅಂತ ಟಾಸ್ಕನ್ನೇ ಕೇಳು, ಇದ್ದರೆ ಡಿಕ್ಷನರಿಯಿಂದ ತೆಗೆ. ಸೇವೆ ಎರರ್ ಕೊಟ್ಟಾಗ ಅದು ಸರಿಯಾಗಿ ಕೆಲಸ ಮಾಡುವುದನ್ನು ನೋಡಿಯೂ ಇದ್ದೆ. ಹಾಗಿದ್ದೂ ಈ ಸಲ ಯಾಕೆ ಉಳಿಯಿತು?

ಲಾಗಿನ ಸಾಲುಗಳನ್ನು ಕಾಗದದಲ್ಲಿ ಬರೆದುಕೊಂಡೆ. 5:12:40ಕ್ಕೆ ಮೊದಲನೆಯವನು ಬಂದ, ಟಾಸ್ಕ್ ಶುರುವಾಯಿತು. ಆ ಹೊತ್ತಿಗೆ ಸೇವೆ ನಿಧಾನ ಇತ್ತು. 5:12:44ಕ್ಕೆ ಎರಡನೆಯವನು ಬಂದ, ಅದೇ ಟಾಸ್ಕಿಗೆ ಕಾಯುತ್ತ ನಿಂತ. 5:12:45ಕ್ಕೆ ಇಬ್ಬರಿಗೂ ಒಟ್ಟಿಗೇ ಬಾಗಿಲು ಮುಚ್ಚಿದೆ. ಒಬ್ಬ ಐದು ಸೆಕೆಂಡ್ ಕಾದಿದ್ದ, ಇನ್ನೊಬ್ಬ ಕಾದದ್ದು ಒಂದೇ ಸೆಕೆಂಡ್.

ಐದು ಸೆಕೆಂಡಿನ ಆ ಗಡುವು ಹಾಕಿದವನು ನಾನೇ. ಯಾರನ್ನೂ ಅದಕ್ಕಿಂತ ಜಾಸ್ತಿ ಕಾಯಿಸಬಾರದು, ಹೊಸದು ಬರದಿದ್ದರೆ ಹಳೇ ಅಂಕಿ ತೋರಿಸಬೇಕು ಅಂತ ಪ್ರತಿಯೊಬ್ಬರ ಅವೈಟಿಗೂ ವೇಟ್‌ಫಾರ್ ಅನ್ನುವ ಪೈಥಾನಿನ ಗಡುವಿನ ಫಂಕ್ಷನ್ ಸುತ್ತಿದ್ದೆ. ವೇಟ್‌ಫಾರ್ ಗಡುವು ಮುಗಿದರೆ ಕಾಯುವುದನ್ನು ನಿಲ್ಲಿಸಿ ಸುಮ್ಮನಾಗುವುದಿಲ್ಲ. ಯಾವುದಕ್ಕೆ ಕಾಯುತ್ತಿತ್ತೋ ಅದನ್ನೇ ಕ್ಯಾನ್ಸಲ್ ಮಾಡುತ್ತದೆ. ಒಬ್ಬನಿಗೆ ಒಂದು ಟಾಸ್ಕ್ ಇದ್ದ ಕಾಲಕ್ಕೆ ಅದು ಸರಿ. ಈಗ ಟಾಸ್ಕ್ ಎಲ್ಲರದ್ದೂ. ಬಸ್ಸಿಗೆ ಕಾದು ಸಾಕಾದ ಒಬ್ಬ ಮನೆಗೆ ಹೋಗಬಹುದು, ಬಸ್ಸನ್ನೇ ನಿಲ್ಲಿಸಿ ಹೋಗಬಾರದು.

ಟಾಸ್ಕ್ ಕ್ಯಾನ್ಸಲ್ ಆದ ಮೇಲೆ ನನ್ನ ಕಾಲ್‌ಬ್ಯಾಕ್ ಓಡಿತು. ಎಕ್ಸೆಪ್ಷನ್ ಇದೆಯಾ ಅಂತ ಕೇಳಿತು. ಕ್ಯಾನ್ಸಲ್ ಆದ ಟಾಸ್ಕನ್ನು ಹಾಗೆ ಕೇಳಿದರೆ ಅದು ಉತ್ತರ ಕೊಡುವುದಿಲ್ಲ, ಕ್ಯಾನ್ಸಲ್ಡ್ ಎರರನ್ನೇ ಎಸೆಯುತ್ತದೆ. ಹಾಗಾಗಿ ಕಾಲ್‌ಬ್ಯಾಕ್ ಮೊದಲ ಸಾಲಿನಲ್ಲೇ ಬಿದ್ದಿತು. ತೆಗೆದುಹಾಕುವ ಸಾಲು ಓಡಲೇ ಇಲ್ಲ. ಕ್ಯಾನ್ಸಲ್ ಆದ ಟಾಸ್ಕ್ ಡಿಕ್ಷನರಿಯಲ್ಲಿ ಆರಾಮಾಗಿ ಕೂತಿತು. ಆಮೇಲೆ ಬಂದ ಪ್ರತಿಯೊಬ್ಬರಿಗೂ ಕಾಯುವ ಮೊದಲೇ ಕ್ಯಾನ್ಸಲ್. ಅವಧಿ ಮುಗಿದು ಹೊಸ ಟಾಸ್ಕ್ ಹುಟ್ಟುವ ತನಕ, ಅಂದರೆ ಸರಿಯಾಗಿ 30 ನಿಮಿಷ.

ಹಳೇ ಅಂಕಿ ತೋರಿಸುವ ಸಾಲಾದರೂ ಯಾಕೆ ಓಡಲಿಲ್ಲ ಅಂತ ನೋಡಿದೆ. ಅದನ್ನು ಸಾಮಾನ್ಯ ಎಕ್ಸೆಪ್ಷನ್‌ಗಳನ್ನು ಹಿಡಿಯುವ ಬಲೆಯ ಕೆಳಗೆ ಬರೆದಿದ್ದೆ. ಪೈಥಾನ್ 3.8ರಿಂದ ಕ್ಯಾನ್ಸಲ್ಡ್ ಎರರ್ ಆ ಗುಂಪಿನಲ್ಲಿ ಇಲ್ಲ. ಅದನ್ನು ಬೇಸ್ ಎಕ್ಸೆಪ್ಷನ್ ಅಡಿಗೆ ಸರಿಸಿದ್ದಾರೆ. ಕ್ಯಾನ್ಸಲ್ ಮಾಡಿದ್ದನ್ನು ಯಾರೂ ಅಪ್ಪಿತಪ್ಪಿ ನುಂಗಬಾರದು ಅಂತ ಮಾಡಿದ ಬದಲಾವಣೆ, ಒಳ್ಳೆಯದೇ. ನನ್ನ ಬಲೆಯ ಕಣ್ಣಿನಿಂದ ಮಾತ್ರ ಅದು ಜಾರಿ ಹೋಯಿತು.

ರಿಪೇರಿ ಹೀಗೆ ಮಾಡಿದೆ. ವೇಟ್‌ಫಾರ್ ಮತ್ತು ಟಾಸ್ಕಿನ ನಡುವೆ ಶೀಲ್ಡ್ ಇಟ್ಟೆ. ಗಡುವು ಮುಗಿದರೆ ಶೀಲ್ಡಿನ ಹೊರಗಿನದ್ದು ಮಾತ್ರ ಕ್ಯಾನ್ಸಲ್ ಆಗುತ್ತದೆ, ಒಳಗಿನ ಟಾಸ್ಕ್ ತನ್ನ ಪಾಡಿಗೆ ನಡೆಯುತ್ತದೆ. ಕಾದು ಸಾಕಾದವನಿಗೆ ಹಳೇ ಅಂಕಿ. ಎರಡು ಸೆಕೆಂಡ್ ಆದ ಮೇಲೆ ಬಂದವನಿಗೆ ಹೊಸದು. ಕಾಲ್‌ಬ್ಯಾಕಿನಲ್ಲಿ ಮೊದಲು ಕ್ಯಾನ್ಸಲ್ ಆಗಿದೆಯಾ ಅಂತ ಕೇಳಿ, ಆಮೇಲೆ ಎಕ್ಸೆಪ್ಷನ್ ಕೇಳುವಂತೆ ಬದಲಿಸಿದೆ. ತೆಗೆಯುವ ಮುಂಚೆ ಡಿಕ್ಷನರಿಯಲ್ಲಿ ಇರುವುದು ಇದೇ ಟಾಸ್ಕಾ ಅಂತಲೂ ನೋಡುತ್ತದೆ. ಯಾಕೆಂದರೆ ಹಳೇ ಟಾಸ್ಕ್ ತಡವಾಗಿ ಸೋತರೆ, ಅಷ್ಟರಲ್ಲಿ ಅದೇ ಕೀಯಲ್ಲಿ ಬಂದು ಕೂತ ಹೊಸ ಟಾಸ್ಕನ್ನು ಅದು ಹೊರಗೆ ತಳ್ಳಿಬಿಡಬಹುದು.

ಶೀಲ್ಡ್ ಹಾಕಿದವರು ಇನ್ನೊಂದು ಕೆಲಸ ಮರೆಯಬಾರದು. ಈಗ ಆ ಟಾಸ್ಕನ್ನು ಹೊರಗಿನಿಂದ ನಿಲ್ಲಿಸುವವರು ಯಾರೂ ಇಲ್ಲ. ಸೇವೆ ಉತ್ತರ ಕೊಡದೆ ಹಿಡಿದುಕೊಂಡು ಕೂತರೆ ಟಾಸ್ಕೂ ಕೂತಿರುತ್ತದೆ. ಅದಕ್ಕೇ ಟಾಸ್ಕಿನ ಒಳಗೆ, ಸೇವೆಯನ್ನು ಕೇಳುವ ಜಾಗದಲ್ಲೇ, 20 ಸೆಕೆಂಡಿನ ಬೇರೆ ಗಡುವು ಇಟ್ಟೆ. ಐದು ಸೆಕೆಂಡ್ ಕಾಯುವವನ ಲೆಕ್ಕ, 20 ಸೆಕೆಂಡ್ ಕೆಲಸದ ಲೆಕ್ಕ. ಇವೆರಡನ್ನು ಒಂದೇ ಅಂತ ತಿಳಿದದ್ದೇ ಮೂಲ ತಪ್ಪು.

ತಿಳಿ ಆಕಾಶದಲ್ಲಿ ತೂಫಾನು

ಸೆಪ್ಟೆಂಬರಿನಲ್ಲಿ ಇನ್ನೊಂದು. ಚಿಕ್ಕದೇ, ಆದರೆ ಎದೆ ಝಲ್ಲೆನ್ನಿಸಿತು. ಮಧ್ಯಾಹ್ನ ತಮ್ಮನ ಕರೆ. "ಅಣ್ಣ, ತೂಫಾನು ಬತ್ತದಾ? ಗಾಳಿ 44 ಗಂಟು ಅಂತ ತೋರಿಸ್ತದೆ." ಹೊರಗೆ ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ.

ಸೇವೆ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತದೆ. ಬೋಟಿನವರಿಗೆ ಬೇಕಾದದ್ದು ಗಂಟು, ಅಂದರೆ ನಾಟ್. 1.944ರಿಂದ ಗುಣಿಸಬೇಕು. ಗುಣಿಸುವ ಸಾಲನ್ನು ಪೇಜ್ ಕಟ್ಟುವ ಜಾಗದಲ್ಲಿ ಬರೆದಿದ್ದೆ. ಕ್ಯಾಶ್ ಕೊಟ್ಟ ಪಟ್ಟಿಯಲ್ಲೇ ಅಂಕಿ ಬದಲಿಸುತ್ತಿದ್ದೆ. ಆ ಪಟ್ಟಿ ಎಲ್ಲರಿಗೂ ಒಂದೇ. ಮೊದಲನೆಯವರು ನೋಡಿದಾಗ 6 ಮೀಟರ್ 11.7 ಗಂಟಾಯಿತು, ಸರಿ. ಎರಡನೆಯವರು ನೋಡಿದಾಗ 11.7 ಮತ್ತೆ ಗುಣಾಕಾರವಾಗಿ 22.7. ಮೂರನೆಯವನು ನಮ್ಮ ತಮ್ಮ, 44.1. ಇಷ್ಟು ದಿನ ಮೀಟರಿನಲ್ಲೇ ತೋರಿಸುತ್ತಿದ್ದೆ, ಹಿಂದಿನ ರಾತ್ರಿಯಷ್ಟೇ ಬದಲಿಸಿದ್ದೆ. ಅದಕ್ಕೇ ಮೊದಲು ಕಂಡಿರಲಿಲ್ಲ.

ಗುಣಾಕಾರವನ್ನು ಟಾಸ್ಕಿನ ಒಳಗೇ ಒಮ್ಮೆ ಮಾಡಿ, ಬದಲಿಸಲು ಬಾರದ ಟ್ಯೂಪಲ್ ಆಗಿ ಹೊರಗೆ ಕೊಡುವಂತೆ ಮಾಡಿದೆ. ಕ್ಯಾಶ್‌ನಿಂದ ಬಂದದ್ದು ದೇವಸ್ಥಾನದ ಪಾತ್ರೆ ಇದ್ದಂತೆ, ಊರಿನದ್ದು. ಬಳಸಬಹುದು, ತಿದ್ದಬಾರದು.

ಅದೇ ವಾರ ಎಲ್ಲದಕ್ಕೂ 30 ನಿಮಿಷ ಅನ್ನುವ ನಿಯಮವನ್ನೂ ಕಿತ್ತುಹಾಕಿದೆ. ಒಂದೊಂದು ಅಂಕಿಯೂ ಹಳತಾಗುವ ರೀತಿ ಬೇರೆ. ಗಾಳಿ, ಅಲೆಗಳ ಮುನ್ಸೂಚನೆ ದಿನಕ್ಕೆ ಕೆಲವೇ ಸಲ ಬದಲಾಗುತ್ತದೆ. ಅದಕ್ಕೆ ಒಂದು ಗಂಟೆ ಸಾಕು. ಚಂಡಮಾರುತದ ಎಚ್ಚರಿಕೆಗೆ ಐದೇ ನಿಮಿಷ. ಅದು ಸಿಗದಿದ್ದರೆ ಹಳೆಯದನ್ನು ತೋರಿಸುವಂತಿಲ್ಲ, ಸಿಕ್ಕಿಲ್ಲ ಅಂತಲೇ ಹೇಳಬೇಕು. ಗಾಳಿಯ ಕೆಳಗೆ ಈಗ ಮುನ್ಸೂಚನೆ ಹೊರಟ ಹೊತ್ತನ್ನು ತೋರಿಸುತ್ತೇನೆ, ನಾನು ತಂದ ಹೊತ್ತನ್ನಲ್ಲ. ಬೆಳಗ್ಗೆ ಹಿಡಿದ ಮೀನನ್ನು ಸಂಜೆ ಪೇಟೆಯಿಂದ ತಂದು ಈಗಷ್ಟೇ ತಂದದ್ದು ಅಂದರೆ ತಾಜಾ ಆಗುವುದಿಲ್ಲ ಅಲ್ವಾ?

ಭರತ, ಇಳಿತದ್ದು ಮಾತ್ರ ಬೇರೆಯೇ ಜಾತಿ. ಅದು ಚಂದ್ರ, ಸೂರ್ಯರ ಲೆಕ್ಕ. ಇವತ್ತಿನ ಹೊತ್ತು ಮಧ್ಯಾಹ್ನಕ್ಕೆ ಬದಲಾಗುವುದಿಲ್ಲ. ಹಾಗಾಗಿ ಅದಕ್ಕೆ ಅವಧಿಯನ್ನೇ ಇಡಲಿಲ್ಲ. ತಾರೀಕನ್ನೇ ಕೀ ಮಾಡಿದೆ. ನಾಳೆ ಬಂದರೆ ಕೀ ತಾನಾಗೇ ಬದಲಾಗುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ಕೇಳುವುದು ಬೇಡ ಅಂತ ಅದನ್ನು ಡಿಸ್ಕಿನ ಫೈಲಿನಲ್ಲೂ ಬರೆದಿಟ್ಟೆ. ಇದಕ್ಕಿಂತ ಭದ್ರವಾದ ಕ್ಯಾಶ್ ಇರಲಾರದು ಅಂತಲೇ ನಂಬಿದ್ದೆ.

ಇದು ನಿನ್ನೆದು

ದೀಪಾವಳಿಯ ಬಲಿಪಾಡ್ಯಮಿ ಕಳೆದು ಎರಡು ದಿನ. ಹಿಂದಿನ ರಾತ್ರಿ ಗುಡುಗು ಮಳೆ ಬಂದು ಒಂಬತ್ತಕ್ಕೇ ಕರೆಂಟು ಹೋಗಿತ್ತು. ಬಂದದ್ದು ನಾಲ್ಕೂವರೆಗೆ. ಕತ್ತಲಿರುವಾಗಲೇ ಚಿಕ್ಕಿ ಬುಟ್ಟಿ ಹಿಡಿದು ಅಂಗಳಕ್ಕೆ ಬಂದರು. ಟ್ಯಾಬ್ಲೆಟ್ ನೋಡಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತರು. ಆಮೇಲೆ ಕಿಟಕಿಯ ಹತ್ತಿರ ಬಂದು ಕರೆದರು.

"ಏ ತಮ್ಮ, ಇದು 5:40ಕ್ಕೆ ಇಳಿತ ಹೇಳ್ತದೆ. ಇವತ್ತು ತದಿಗೆ. ನಿನ್ನೆ ಬಿದಿಗೆ ದಿನ ಈ ಹೊತ್ತು. ಇದು ನಿನ್ನೆದು."

ನಾನು ಎದ್ದು ಬಂದು ನೋಡಿದೆ. ಅವರು ಹೇಳಿದ್ದು ಸರಿ. ಇಳಿತದ ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಹತ್ತಿರ ಹತ್ತಿರ 12 ಗಂಟೆ 25 ನಿಮಿಷ, ಎರಡು ಸೇರಿ 24 ಗಂಟೆ 50 ನಿಮಿಷ. ಚಿಕ್ಕಿ ಈ ಗುಣಾಕಾರ ಮಾಡುವುದಿಲ್ಲ. ತಿಥಿ ಗೊತ್ತಿದ್ದರೆ ಹೊತ್ತು ಗೊತ್ತು. ಬಳಚಿನವರಿಗೆ ಇಂಥ ತಪ್ಪಿನಿಂದ ಅಪಾಯವಿಲ್ಲ, ಇಳಿಯದ ನೀರಿನ ಮುಂದೆ ಚಳಿಯಲ್ಲಿ ಕಾಯಬೇಕಾಗುತ್ತದೆ. ಆದರೆ ಅದೇ ಪೇಜ್ ನಂಬಿ ಯಾರಾದರೂ ಭರತ ಅಂದುಕೊಂಡು ಅಳಿವೆ ದಾಟಲು ಹೋದರೆ ಅಡಿಯಲ್ಲಿ ನೀರು ಸಾಲದೆ ಹೋಗಬಹುದು. ನನಗೆ ಕೈ ತಣ್ಣಗಾಯಿತು.

ಮೊದಲು ಅನುಮಾನ ಬಂದದ್ದು ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಸಮಯದ ಮೇಲೆ. ನಮ್ಮ ಬೆಳಗಿನ 5:30ರ ತನಕ ಯುಟಿಸಿಯಲ್ಲಿ ಇನ್ನೂ ನಿನ್ನೆಯ ತಾರೀಕೇ ಇರುತ್ತದೆ. ತಾರೀಕನ್ನು ಅದರಿಂದ ತೆಗೆದಿದ್ದರೆ ಹೀಗೇ ಆಗುತ್ತದೆ. ನೋಡಿದೆ, ತೆಗೆದದ್ದು ಭಾರತದ ಸಮಯದಿಂದಲೇ. ಆಮೇಲೆ ಬೋರ್ಡಿಗೆ ಗಂಟೆ ಎಷ್ಟು ಅಂತ ಕೇಳಿದೆ. ಅದು ಹಿಂದಿನ ರಾತ್ರಿ ಒಂಬತ್ತೂ ಚಿಲ್ಲರೆ ಅಂದಿತು.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟು ಹೋದರೆ ಹೊತ್ತೂ ಹೋಗುತ್ತದೆ. ಎದ್ದಾಗ, ಕೊನೆಗೆ ಬರೆದಿಟ್ಟುಕೊಂಡ ಹೊತ್ತಿನಿಂದ ಲೆಕ್ಕ ಶುರು ಮಾಡುತ್ತದೆ. ಆಮೇಲೆ ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ತಂದು ತಿದ್ದಿಕೊಳ್ಳುತ್ತದೆ. ಆ ದಿನ ಕರೆಂಟು ಬಂದರೂ ಇಂಟರ್ನೆಟ್ ಬಂದಿರಲಿಲ್ಲ. ಮನೆಯ ವೈಫೈ ಮಾತ್ರ ಇತ್ತು, ಹಾಗಾಗಿ ಟ್ಯಾಬ್ಲೆಟ್ಟಿಗೆ ಪೇಜ್ ಸಿಕ್ಕಿತು. ಬೋರ್ಡಿನ ಪ್ರಕಾರ ಇನ್ನೂ ಬಿದಿಗೆ. ಬಿದಿಗೆಯ ಕೀ ಫೈಲಿನಲ್ಲಿ ಇತ್ತು. ಕೊಟ್ಟಿತು. ಕ್ಯಾಶ್‌ನ ಒಂದು ಸಾಲಿನಲ್ಲೂ ತಪ್ಪಿಲ್ಲ. ಕೀ ಎಲ್ಲಿಂದ ಬರುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ಹುಬ್ಬಳ್ಳಿಯಿಂದ ಬರುವ ಸ್ನೇಹಿತನ ಹತ್ತಿರ ಡಿಎಸ್3231 ಚಿಪ್ ಇರುವ ಗಡಿಯಾರದ ಮಾಡ್ಯೂಲ್ ಒಂದನ್ನು ತರಿಸಿದೆ. ಉಗುರಿಗಿಂತ ಸ್ವಲ್ಪ ದೊಡ್ಡದು, ಬೆನ್ನಿಗೆ ಗುಂಡಿಯಂಥ ಸೆಲ್. ನಾಲ್ಕು ವೈರು. 3.3 ವೋಲ್ಟ್, ಗ್ರೌಂಡ್, ಮತ್ತೆ ಐ2ಸಿ ಅನ್ನುವ ಸಂಪರ್ಕದ ಎರಡು ವೈರು, ಎಸ್‌ಡಿಎ, ಎಸ್‌ಸಿಎಲ್. ಪೈಯ ಪಿನ್ನುಗಳಲ್ಲಿ 1, 6, 3, 5. ಬೋರ್ಡ್ ಪೂರ್ತಿ ಆರಿಸಿ, ವೈರ್ ಸಿಕ್ಕಿಸಿ, ಸೆಟ್ಟಿಂಗ್ ಫೈಲಿನಲ್ಲಿ ಐ2ಸಿ ಗಡಿಯಾರದ ಸಾಲು ಸೇರಿಸಿ, ಮತ್ತೆ ಹಚ್ಚಿದೆ. ಐ2ಸಿಗೆ ಸೇರಿದ ಸಾಮಾನುಗಳ ಪಟ್ಟಿ ತೆಗೆದಾಗ 68 ಅನ್ನುವ ವಿಳಾಸದ ಜಾಗದಲ್ಲಿ ಯುಯು ಅಂತ ಕಾಣಿಸಿತು. 68 ಆ ಚಿಪ್ಪಿನ ವಿಳಾಸ, ಯುಯು ಅಂದರೆ ಅದನ್ನು ಡ್ರೈವರ್ ಹಿಡಿದುಕೊಂಡಿದೆ ಅಂತ ಗುರುತು. ಹೊತ್ತು ಬರೆದಿಡುವ ಹಳೇ ಸುಳ್ಳು ಗಡಿಯಾರದ ಪ್ಯಾಕೇಜನ್ನು ತೆಗೆದುಹಾಕಿದೆ, ಎರಡು ಇದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಉಪ್ಪು ಗಾಳಿಗೆ ಪಿನ್ನುಗಳಿಗೆ ಹಸಿರು ಹಿಡಿಯುವುದು ನಮ್ಮ ಕಡೆ ಮಾಮೂಲು. ಹಾಗಾಗಿ ಪಿನ್ನಿನ ಬಾಯಿಗೆ ಬಿಸಿ ಅಂಟು ಹಾಕಿ ಮುಚ್ಚಿದೆ.

ಆ ರಾತ್ರಿ ನಾನೇ ಪ್ಲಗ್ ಕಿತ್ತೆ. ರೂಟರಿನದ್ದೂ ಕಿತ್ತೆ. ಬೆಳಗ್ಗೆ ನಾಲ್ಕಕ್ಕೆ ಬೋರ್ಡ್ ಮಾತ್ರ ಹಚ್ಚಿ ಹೊತ್ತು ಕೇಳಿದೆ. ಸರಿಯಾದ ತಾರೀಕು, ಸರಿಯಾದ ಗಂಟೆ.

ಕೋಡಿನಲ್ಲೂ ಎರಡು ಬದಲಾವಣೆ. ಗಾಳಿ, ಅಲೆಯ ಅವಧಿಯನ್ನು ಗೋಡೆ ಗಡಿಯಾರದಿಂದ ಅಳೆಯುವುದು ಬಿಟ್ಟೆ. ಹಿಂದೆ ಮುಂದೆ ಜಿಗಿಯದ ಮೊನೊಟಾನಿಕ್ ಗಡಿಯಾರಕ್ಕೆ ಹೋದೆ. ಎಷ್ಟು ಹೊತ್ತು ಕಳೆಯಿತು ಅನ್ನುವುದಕ್ಕೆ ಅದು. ಇವತ್ತು ಯಾವ ದಿನ ಅನ್ನುವುದಕ್ಕೆ ಮಾತ್ರ ಗೋಡೆ ಗಡಿಯಾರ. ಎರಡನೆಯದು, ಬೋರ್ಡಿನ ಹೊತ್ತು ಮಾಡ್ಯೂಲಿಗೂ ಇಂಟರ್ನೆಟ್ಟಿಗೂ ತಾಳೆ ಆಗದಿದ್ದರೆ, ಅಥವಾ ಎರಡೂ ಇಲ್ಲದಿದ್ದರೆ, ಭರತ, ಇಳಿತದ ಜಾಗದಲ್ಲಿ ಅಂಕಿಯೇ ಬರುವುದಿಲ್ಲ. ಗಡಿಯಾರ ಸರಿಯಿಲ್ಲ ಅಂತ ಕೆಂಪಕ್ಷರ ಬರುತ್ತದೆ.

ಚಿಕ್ಕಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿದ್ದು ಒಂದೇ. "ತಿಥಿನೂ ಬರಿಯೋ. ಅದು ಸರಿ ಉಂಟಾ ಇಲ್ವಾ ಅಂತ ನಾನೇ ನೋಡ್ತೆ."

ನಿಜ. ತಾರೀಕು ತಪ್ಪಿದ್ದರೆ ತಿಥಿಯೂ ತಪ್ಪಿರುತ್ತದೆ. ತಿಥಿ ತಪ್ಪಿದ್ದು ಚಿಕ್ಕಿಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಚಂದ್ರ, ಸೂರ್ಯರ ನಡುವಿನ ಕೋನ 12 ಡಿಗ್ರಿ ಹೆಚ್ಚಿದಂತೆಲ್ಲ ಒಂದು ತಿಥಿ. ಆ ಲೆಕ್ಕಕ್ಕೆ ಇಂಟರ್ನೆಟ್ ಬೇಡ, ಕಾಯುವುದೂ ಬೇಡ. ಸಾದಾ ಫಂಕ್ಷನ್, ಅವೈಟ್ ಇಲ್ಲ. ಒಂದು ತಾರೀಕಿನ ಸೂರ್ಯೋದಯಕ್ಕೆ ಯಾವತ್ತೂ ಒಂದೇ ಉತ್ತರ. ಅದರ ತಲೆ ಮೇಲೆ ಜೂನಿನಲ್ಲಿ ಗಾಳಿಯ ಫಂಕ್ಷನ್ನಿನಿಂದ ಅಳಿಸಿದ್ದ ಎಲ್‌ಆರ್‌ಯು ಕ್ಯಾಶ್‌ನ ಅದೇ ಸಾಲನ್ನು ಬರೆದೆ. ಎರಡು ಸಲ ಕರೆದು ನೋಡಿದೆ. ಎರಡನೇ ಸಲವೂ ಉತ್ತರ ಬಂತು, ಪಂಚಮಿ.